ಎದೆಯ ಮೇಲಿನ ಹೆಸರು

"ಹೇಳಪ್ಪ, ಈಗ ಯಾವ ಕ್ಲಬ್ಬಿಗೆ ಆಡ್ತಿದ್ದೀಯ?" ಫುಟ್‌ಬಾಲ್ ಮೈದಾನದ ಹುಲ್ಲಿನ ಮೇಲೆ ಮಂಡಿಯೂರಿ ತಂಡದ ಡಾಕ್ಟರಮ್ಮ ನೆನಪು ಪರೀಕ್ಷಿಸಲು ಕೇಳಿದಾಗ ಮಿಡ್‌ಫೀಲ್ಡರ ಸುತ್ತಲೂ ಕಣ್ಣಾಡಿಸಿದ. ಚೆಂಡಿಗೆ ಹಾರಿ, ಎದುರಾಳಿಯ ತಲೆಗೆ ತಲೆ ಬಡಿದು ಬಿದ್ದವನು ಆಗಷ್ಟೇ ಎದ್ದು ಕೂತಿದ್ದ. ಹತ್ತು ವರ್ಷ ಬೆವರು ಬಸಿದ ಹಳೆಯ ಕ್ಲಬ್ಬಿನ ಹೆಸರು ನಾಲಿಗೆಯ ತುದಿಯಲ್ಲಿತ್ತು. ಅದನ್ನು ಬಿಟ್ಟು ಬಂದದ್ದು ಮಾತ್ರ ನೆನಪಿರಲಿಲ್ಲ. ಆ ಕ್ಲಬ್ಬಿನ ಕೆಂಪಂಗಿಯವರೆಲ್ಲ ಆಚೆ ನಿಂತಿದ್ದರು. ತಾನೇಕೆ ಈಚೆ ಇದ್ದೇನೆ?

ತಲೆ ಬಡಿಸಿಕೊಂಡ ಕೆಂಪಂಗಿಯವನು ಅವನ ಹಳೆಯ ಜೊತೆಗಾರನೇ. "ಬಿಡಿ ಮೇಡಂ, ಇವಂದು ಬಂಡೆ ತಲೆ. ಸೀಳಿದ್ರೆ ನನ್ನದೇ ಸೀಳಿರ್ಬೇಕು" ಎಂದ. ಸುತ್ತ ನಿಂತವರು ನಕ್ಕರು. ಮಿಡ್‌ಫೀಲ್ಡರನೂ ನಕ್ಕ. ನಗುತ್ತಲೇ ಕಣ್ಣು ಕೆಳಗಿಳಿಸಿ, ತಾನು ತೊಟ್ಟ ನೀಲಿ ಅಂಗಿಯ ಎದೆಯ ಮೇಲಿದ್ದ ಕ್ಲಬ್ಬಿನ ಹೆಸರನ್ನು ಓದಿ ಒಪ್ಪಿಸಿದ. ಈ ವಯಸ್ಸಿನಲ್ಲಿ ಒಮ್ಮೆ ಮೈದಾನದ ಹೊರಗೆ ಹೋದವನನ್ನು ಮತ್ತೆ ಒಳಗೆ ಕರೆಯುವವರು ಯಾರು? ಆಟ ಬಿಟ್ಟರೆ ಅವನಿಗೆ ಬೇರೇನೂ ಬಾರದು. ದೇವರೇ, ಇವತ್ತೊಂದು ದಿನ ದಾಟಿಸಪ್ಪ ಎಂದು ಒಳಗೇ ಮೊರೆಯಿಟ್ಟ.

ಡಾಕ್ಟರಮ್ಮ ನಗಲಿಲ್ಲ. ಆ ಹೆಸರು ಮುಚ್ಚುವಂತೆ ಅಂಗೈಯನ್ನು ಮೆಲ್ಲಗೆ ಅವನ ಎದೆಯ ಮೇಲಿಟ್ಟರು.

"ಈಗ ಹೇಳು."

ಅವನು ಕಣ್ಣು ಮುಚ್ಚಿ ಹುಡುಕಿದ. ಈಗ ತಾನೇ ಓದಿದ ಹೆಸರು ಆಗಲೇ ಅಳಿಸಿಹೋಗಿತ್ತು. ಅವರ ಕೈಯನ್ನು ತನ್ನೆರಡೂ ಕೈಗಳಿಂದ ಬಿಗಿಯಾಗಿ ಹಿಡಿದುಕೊಂಡ.

"ಗೊತ್ತಾಗ್ತಿಲ್ಲಮ್ಮ. ನನ್ನನ್ನ ಹೊರಗೆ ಕರ್ಕೊಂಡು ಹೋಗಿ."