ಈ ತಿಂಗಳು ಹುಟ್ಟಿದವರು

"ಬಂದ್ರು," ಎಂದ ಹಳೆಯ ಜವಾನ, ಕಿಟಕಿಯಿಂದ ಮುಖ ತೆಗೆಯದೆ.

ಟೈಲರಮ್ಮ ನಡೆದು ಬರುತ್ತಿದ್ದ ರಭಸಕ್ಕೆ ರಸ್ತೆಯೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು. ಎದುರಿಗೆ ಸಿಕ್ಕ ನಾಯಿ ಬೊಗಳುವುದನ್ನು ನಾಳೆಗೆ ಮುಂದೂಡಿತು. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಅಂದರೆ ಹೊಲಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದಾಳೆ. ಕೈಯಲ್ಲೊಂದು ಮಡಿಸಿದ ಕಾಗದ. ಅದು ಯಾವ ಕಾಗದವೆಂದು ಸ್ಟಾಫ್ ರೂಮಿನಲ್ಲಿ ಯಾರೂ ಕೇಳಲಿಲ್ಲ.

ಅದು ಶಾಲೆಯ ತಿಂಗಳ ಸುದ್ದಿಪತ್ರ. ಡ್ರಾಯಿಂಗ್ ಮೇಷ್ಟ್ರು ಹನ್ನೆರಡು ವರ್ಷದಿಂದ ಅದನ್ನು ಕೈಯಲ್ಲೇ ಬರೆದು, ಜೆರಾಕ್ಸ್ ಮಾಡಿಸಿ, ಊರಿಗೆಲ್ಲ ಹಂಚುತ್ತಿದ್ದರು. ಮೂರನೇ ತರಗತಿಯ ಹುಡುಗನ ಹಲ್ಲು ಬಿದ್ದರೆ ಭೂಮಿ ನಡುಗಿತೆಂದು ಬರೆಯುವ ಕೈ ಅದು. ಶಾಲೆಯ ತೋಟದ ಕುಂಬಳಕಾಯಿ ಎತ್ತಲು ಹದಿನಾರು ಜನ ಸಾಲದೇ ಹೋದರು. ರಿಲೇ ಓಟದ ಗಾಳಿಗೆ ಹೆಡ್ ಮೇಡಂ ಅವರ ಕನ್ನಡಕ ಮೂಗಿನ ಮೇಲೆ ಮೂರು ಸುತ್ತು ತಿರುಗಿತು. ದೊಡ್ಡ ಪತ್ರಿಕೆಗಳನ್ನು ಮಡಿಸಿಡುತ್ತಿದ್ದ ಜನ ಇದನ್ನು ಮಾತ್ರ ಬಿಡುತ್ತಿರಲಿಲ್ಲ. ಸುಳ್ಳಾದರೇನು, ತಮ್ಮ ಮಕ್ಕಳ ಸುಳ್ಳಲ್ಲವೇ.

ಕೊನೆಯ ಅಂಕಣವೊಂದೇ ಅಪ್ಪಟ ನಿಜ: 'ಈ ತಿಂಗಳು ಹುಟ್ಟಿದವರು'. ನಾನೂರು ಮಕ್ಕಳ ಹುಟ್ಟಿದ ದಿನವೂ ಮೇಷ್ಟ್ರಿಗೆ ಬಾಯಿಪಾಠ. "ದಾಖಲಾತಿ ಪುಸ್ತಕ ಮರೆತರೂ ನಾನು ಮರೆಯಲ್ಲ" ಎಂದು ಎದೆ ತಟ್ಟಿಕೊಳ್ಳುತ್ತಿದ್ದರು. ಆ ಪುಸ್ತಕವನ್ನು ಅವರು ತೆರೆದವರೇ ಅಲ್ಲ. ಎಡವಟ್ಟಾದದ್ದು ಅಲ್ಲೇ. ಇನ್ನಿಲ್ಲದವರ ಹೆಸರಿನ ಮೇಲೆ ಪುಸ್ತಕದಲ್ಲಾದರೆ ಕೆಂಪು ಗೆರೆ ಇರುತ್ತದೆ. ತಲೆಯೊಳಗೆ ಗೆರೆ ಎಳೆಯುವವರು ಯಾರು?

ಈ ತಿಂಗಳ ಪಟ್ಟಿಯಲ್ಲಿ ಕೊನೆಯ ಹೆಸರು ಟೈಲರಮ್ಮನ ಮಗಳದು. ಐದನೇ ತರಗತಿ ಎಂದಿತ್ತು. ಆ ಹುಡುಗಿ ಜ್ವರದಲ್ಲಿ ತೀರಿಕೊಂಡು ಎರಡು ವರ್ಷ ದಾಟಿತ್ತು.

"ಹೋದ ಎರಡು ವರ್ಷಾನೂ ಬರೆದಿದ್ರಿ ಮೇಷ್ಟ್ರೇ," ಎಂದರು ಹೆಡ್ ಮೇಡಂ. "ಜೆರಾಕ್ಸಿಗೆ ಕಳಿಸೋ ಮುಂಚೆ ನಾನೇ ಆ ಹೆಸರಿಗೆ ಬಿಳಿ ಹಚ್ಚಿದ್ದೆ. ಈ ಸಲ ನಾನು ರಜೆಯಲ್ಲಿದ್ದೆ, ಇನ್ನೂರು ಪ್ರತಿ ಊರು ಸೇರಿದೆ."

"ಕೈ ತಾನಾಗಿ ಬರೆದುಬಿಡುತ್ತೆ ಮೇಡಂ."

"ಅದನ್ನ ಅವರಿಗೆ ನೀವೇ ಹೇಳ್ಬೇಕು. ಇದರಲ್ಲಿ ನಾವ್ಯಾರೂ ಬಾಯಿ ಹಾಕೋ ಹಾಗಿಲ್ಲ."

ಮೇಷ್ಟ್ರು ಬೀರುವಿನ ಹಿಂದಿನ ಸಂದಿಯನ್ನು ಕಣ್ಣಲ್ಲೇ ಅಳೆದರು. ಹೊಟ್ಟೆ ಒಳಗೆ ಹಿಡಿಸಿದರೂ ಮೂಗು ಹೊರಗೇ ಉಳಿಯುತ್ತಿತ್ತು.

ಟೈಲರಮ್ಮನಿಗೆ ಅವರು ಮುಖ ತೋರಿಸದೆ ಎರಡು ವರ್ಷ. ಅವಳ ಬೀದಿ ತಪ್ಪಿಸಲು ಅಂಚೆ ಕಚೇರಿಗೂ ಊರು ಬಳಸಿಕೊಂಡು ಹೋಗುತ್ತಿದ್ದರು. ಆ ನಡಿಗೆಯನ್ನೆಲ್ಲ ಕೂಡಿಸಿದ್ದರೆ ಭೂಮಿಗೆ ಎರಡು ಸುತ್ತು ಆಗಿರುತ್ತಿತ್ತು. ಮಲಗುವುದೂ ಶಾಲೆಯಲ್ಲೇ, ಆಟದ ಸಾಮಾನಿನ ಕೋಣೆಯಲ್ಲಿ, ಡ್ರಮ್ಮುಗಳ ನಡುವೆ. ಶಾಲೆಯೆಂದರೆ ಮೇಷ್ಟ್ರಿಗೆ ಎಂಥ ಪ್ರೀತಿ ಎಂದು ಹೊಸದಾಗಿ ಸೇರಿದವರು ಹೊಗಳುತ್ತಿದ್ದರು. ಹಳಬರು ಸುಮ್ಮನಿರುತ್ತಿದ್ದರು.

ಮೇಷ್ಟ್ರು ಹೆದರಲು ಕಾರಣವಿತ್ತು. ಎರಡು ವರ್ಷದ ಹಿಂದಿನ ಆ ದಿನ ಅವರು ಇದೇ ಮೇಜಿನಲ್ಲಿ ಕ್ರೀಡಾಕೂಟದ ವಿಶೇಷ ಸಂಚಿಕೆ ಬರೆಯುತ್ತಿದ್ದರು. ಮಗುವಿಗೆ ಜ್ವರ ಏರಿದೆ, ಆಸ್ಪತ್ರೆಗೆ ಹೋಗಬೇಕು ಎಂದು ಟೈಲರಮ್ಮ ಹೇಳಿಕಳಿಸಿದ್ದಳು. ಆ ಬೀದಿಯಲ್ಲಿ ಸ್ಕೂಟರ್ ಇದ್ದದ್ದು ಮೇಷ್ಟ್ರೊಬ್ಬರಿಗೆ. ಒಂದಲ್ಲ, ಮೂರು ಸಲ ಹೇಳಿಕಳಿಸಿದಳು. ಮೂರು ಸಲವೂ ಮೇಷ್ಟ್ರು, "ಒಂದೇ ಪುಟ ಬಾಕಿ, ಬಂದೆ ಅನ್ನು" ಎಂದರು. ಆ ಪುಟದಲ್ಲಿ ಹಗ್ಗಜಗ್ಗಾಟದ ಹಗ್ಗ ಊರಾಚೆಯವರೆಗೆ ಉದ್ದವಾಯಿತು. ಅವರು ಸ್ಕೂಟರ್ ನಿಲ್ಲಿಸಿ ಒಳಗೆ ಹೋಗುವಷ್ಟರಲ್ಲಿ ಹುಡುಗಿಯ ಕೈ ತಣ್ಣಗಾಗಿತ್ತು.

ಟೈಲರಮ್ಮ ಅಂದು ಒಂದು ಮಾತೂ ಆಡಲಿಲ್ಲ. ಆ ಆಡದ ಮಾತಿನಿಂದಲೇ ಮೇಷ್ಟ್ರು ಎರಡು ವರ್ಷದಿಂದ ತಪ್ಪಿಸಿಕೊಂಡು ತಿರುಗುತ್ತಿದ್ದರು.

ಬಾಗಿಲಲ್ಲಿ ಮೊದಲು ಟೇಪು ಕಾಣಿಸಿತು, ಆಮೇಲೆ ಅವಳು. ಸ್ಟಾಫ್ ರೂಮಿಗೆ ಒಮ್ಮೆಲೇ ಸಾವಿರ ಕೆಲಸ ನೆನಪಾಯಿತು. ಹೆಡ್ ಮೇಡಂ ಚಾಕ್‌ಪೀಸ್ ಡಬ್ಬಿ ಹುಡುಕಿಕೊಂಡು ಹೊರಟರು. ಜವಾನ ಹೋಗುವಾಗ ಮೇಷ್ಟ್ರ ಭುಜ ಮುಟ್ಟಿ, "ಈ ಸಲ ಓಡ್ಬೇಡಿ," ಎಂದು ಬಾಗಿಲನ್ನು ಮುಂದಕ್ಕೆಳೆದುಕೊಂಡ.

ಅವಳು ಕಾಗದವನ್ನು ಮೇಜಿನ ಮೇಲೆ ಬಿಡಿಸಿ ಅಂಗೈಯಿಂದ ಸವರಿದಳು. ಕೊನೆಯ ಸಾಲಿನ ಕೆಳಗೆ ಉಗುರು ಇಟ್ಟಳು.

"ಇದು ತಪ್ಪು."

"ತಪ್ಪೇ," ಎಂದರು ಮೇಷ್ಟ್ರು. ಕುಂಬಳಕಾಯಿಯನ್ನು ಬೆಟ್ಟ ಮಾಡಿದ್ದ ದನಿ ಈಗ ಸೊಳ್ಳೆಗೂ ಕೇಳಿಸುವಂತಿರಲಿಲ್ಲ. "ಹೆಸರು ತೆಗೆದುಹಾಕ್ತೀನಿ. ಬೇಕಾದ್ರೆ ಪತ್ರಿಕೆನೇ ನಿಲ್ಲಿಸ್ತೀನಿ."

"ಹೆಸರಲ್ಲ." ಉಗುರು ಒಂದಿಂಚು ಬಲಕ್ಕೆ ಸರಿಯಿತು. "ಐದನೇ ತರಗತಿ ಅಂತ ಹಾಕಿದ್ದೀರಿ. ಈ ವರ್ಷ ಏಳಲ್ವಾ?"

ಮೇಷ್ಟ್ರು ಪೆನ್ನು ತೆಗೆದರು. ಐದನ್ನು ಹೊಡೆದು ಏಳೆಂದು ಬರೆಯಲು ಅವರಿಗೆ ಹನ್ನೆರಡು ವರ್ಷದ ಪತ್ರಿಕೆಗಳನ್ನು ಬರೆದಷ್ಟು ಹೊತ್ತು ಹಿಡಿಯಿತು. ಇದರಲ್ಲಿ ಎಳ್ಳಷ್ಟೂ ಉತ್ಪ್ರೇಕ್ಷೆಯಿಲ್ಲ. ಅಕ್ಷರದ ಮೇಲೆ ಒಂದು ಹನಿ ಬಿದ್ದು ಶಾಯಿ ಹರಡಿತು.

ಟೈಲರಮ್ಮ ಅದನ್ನು ನೋಡಿದಳು. ಆಮೇಲೆ ಅವರ ಅಂಗಿಯನ್ನು ನೋಡಿದಳು. ಎರಡು ಗುಂಡಿ ಇರಲಿಲ್ಲ. ಒಂದರ ಜಾಗದಲ್ಲಿ ಕಾಗದಕ್ಕೆ ಚುಚ್ಚುವ ಪಿನ್ನು. ಅದನ್ನು ಮೆಲ್ಲಗೆ ಬಿಚ್ಚಿ ಮೇಜಿನ ಮೇಲಿಟ್ಟಳು.

"ರೀ, ಸಂಜೆ ಮನೆಗೆ ಬನ್ನಿ," ಎಂದಳು. "ಎರಡು ಹುಟ್ಟುಹಬ್ಬ ಅಪ್ಪ ಇಲ್ಲದೇ ಕಳೀತು ಅವಳಿಗೆ."