ಕಿವಿಗಿಟ್ಟ ಸ್ಕ್ರೂಡ್ರೈವರ್

ಶಾಂತಮೂರ್ತಿ ಮಾರಾಟಕ್ಕಿದ್ದ ಹಳೇ ಜೀಪಿನ ಬಾನೆಟ್ ಎತ್ತಿ, ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿದ್ದ ಇಂಜಿನ್ನಿಗೆ ಊರಿ, ಹಿಡಿಯನ್ನು ಬಲಗಿವಿಗೆ ಒತ್ತಿಕೊಂಡ. ಕಣ್ಣು ಮುಚ್ಚಿ ತುಸು ಹೊತ್ತು ಹಾಗೇ ನಿಂತು, "ರೇಷ್ಮೆ ಕಣಮ್ಮಿ. ರೇಷ್ಮೆ ಬಿಚ್ದಂಗದೆ," ಎಂದ.

ಹೆಂಡತಿ ಮಹದೇವಿ ಆ ಕಿವಿಯನ್ನೇ ನೋಡಿದಳು. ಗಂಡನ ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿಗೆ ಜೋರಾಗಿ ಅಂದದ್ದು ಮಾತ್ರ ಮುಟ್ಟುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿರುವುದು ಅವನಿಗೆ ಗೊತ್ತಿರಲಿಲ್ಲ. ಕೊಳ್ಳೇಗಾಲದಿಂದ ಮಹದೇಶ್ವರ ಬೆಟ್ಟಕ್ಕೆ ಬಸ್ಸು ಓಡಿಸುತ್ತ, ಇಂಜಿನ್ನಿನ ಪಕ್ಕದಲ್ಲೇ ಕೂತು ಕೂತು ಸವೆದ ಕಿವಿ. ಧನಗೆರೆಯ ಮದುವೆಯೊಂದರಲ್ಲಿ ಯಾರೋ ಹಿಂದಿನಿಂದ ಎಷ್ಟು ಕೂಗಿದರೂ ಅವನು ತಿರುಗದಿದ್ದಾಗ, "ಡ್ರೈವರಣ್ಣಂಗೆ ಆರನ್ ಒಡೀರ್ಲಾ!" ಎಂದು ಚಪ್ಪರವೇ ನಕ್ಕಿತ್ತು. ಆಮೇಲೆ ಅವನು ಯಾವ ಮದುವೆಗೂ ಹೋಗಲಿಲ್ಲ.

ನಿವೃತ್ತನಾದ ಮೇಲೆ ಉಳಿದದ್ದು ಜೀಪು ಕೊಳ್ಳುವ ಆಸೆ ಒಂದೇ. "ಇಷ್ಟ್ ವರ್ಸ ಸ್ಟಾಪ್ ಇದ್ದಲ್ಲಿ ನಿಲ್ಸಿದ್ದಾಯ್ತು. ಇನ್ಮೇಲೆ ಸ್ಟಾಪ್ ಇಲ್ದಿದ್ದಲ್ಲಿ ನಿಲ್ಲಿಸ್ತೀನಿ," ಎನ್ನುತ್ತಿದ್ದ. ಕಛ್‌ನ ಉಪ್ಪಿನ ಬಯಲು, ಹಿಮಾಲಯದಾಚೆಯ ಬೋಳು ಕಣಿವೆ. ಅಲ್ಲೇ ಒಲೆ ಹೂಡಿ ಉಂಡು, ಜೀಪಿನಲ್ಲೇ ಮಲಗುವುದು. ಹಿಂದಿನ ಸೀಟು ತೆಗೆದರೆ ಹಿಡಿಸುವಂಥ ಹಾಸಿಗೆಯನ್ನು ಮಹದೇವಿ ಆಗಲೇ ಹೊಲಿದಿಟ್ಟಿದ್ದಳು. ಕಿವಿಯ ವಿಷಯ ಬಾಯಿಗೆ ಬಂದರೆ ಮದುವೆಗಳನ್ನು ಬಿಟ್ಟಹಾಗೆ ಇದನ್ನೂ ಬಿಟ್ಟಾನೆಂಬ ಭಯಕ್ಕೆ ಅವಳು ಸುಮ್ಮನಿದ್ದಳು.

"ಬೆಟ್ಟದ ಕಾಪಿ ತೋಟದಲ್ಲಿದ್ದ ಗಾಡಿ ಸಾ! ಕಣ್ಮುಚ್ಕಂಡು ತಕಂಡೋಗಿ!" ಎಂದ ಮಾರುವವನು, ಶಾಗ್ಯದ ಮಾದೇಶ. ಅವನದು ಊರಿಗೇ ಕೇಳುವ ಗಂಟಲು.

"ಕಣ್ಮುಚ್ಕಂಡು ಓಡ್ಸಕಾಯ್ತದೇನ್ಲಾ? ಗಾಡಿ ಅತ್ತು, ಅಳ್ಳಕ್ಕಿಳ್ಸಿ ನೋಡವ," ಎಂದ ಶಾಂತಮೂರ್ತಿ.

ಮಾದೇಶ ಹಿಂದೆ ಕೂತ. ಮಹದೇವಿ ಗಂಡನ ಎಡಕ್ಕೆ ಕೂತಳು. ಒಣಹಳ್ಳದ ಮರಳಿಗೆ ಇಳಿದ ಮೇಲೆ ಶಾಂತಮೂರ್ತಿ ಗೇರಿನ ಪಕ್ಕದ ಚಿಕ್ಕ ಲಿವರನ್ನು ಎಳೆದ. ನಾಲ್ಕೂ ಚಕ್ರ ಒಟ್ಟಿಗೆ ಮರಳು ಕಚ್ಚಿದವು. ಆಗ ಕಾಲಡಿಯಿಂದ ಸದ್ದು ಶುರುವಾಯಿತು. ರಾಗಿ ಬೀಸುವ ಕಲ್ಲಿಗೆ ಹರಳು ಸಿಕ್ಕಿದ ಹಾಗೆ, ಗರಗರ ಗರಗರ. ಅಷ್ಟು ಹೊತ್ತು ಗಾಡಿಯನ್ನು ಹೊಗಳುತ್ತಿದ್ದ ಮಾದೇಶನ ಬಾಯಿ ಕಟ್ಟಿತು. ಮಹದೇವಿ ಹಿಂತಿರುಗಿದಳು. ಅವನು ದಡದ ಲಂಟಾನ ಪೊದೆಯನ್ನು ನೋಡುತ್ತಿದ್ದ.

ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಮುಖದ ತುಂಬ ನಗು ತುಂಬಿಕೊಂಡು ಶಾಂತಮೂರ್ತಿ ಹೇಳಿದ: "ನೋಡ್ದಾ? ಒಂದ್ ಸದ್ದಿಲ್ಲ!"

ಎಷ್ಟೋ ದಿನಕ್ಕೆ ಕಂಡ ನಗು ಅದು. ಹಾಗೇ ಇರಲಿ ಎಂದು ಬಿಟ್ಟರೆ, ಮನುಷ್ಯರ ಸುಳಿವೇ ಇಲ್ಲದ ಯಾವುದೋ ಬಯಲಲ್ಲಿ ಈ ಜೀಪು ನಿಂತುಬಿಡುತ್ತದೆ. ಮಹದೇವಿ ಅವನ ಕಡೆ ಬಾಗಿದಳು. ಗಂಡನ ಎಡಗೈಯನ್ನು ಸ್ಟೇರಿಂಗಿನಿಂದ ಬಿಡಿಸಿ, ಚಿಕ್ಕ ಲಿವರಿನ ಗುಂಡಿನ ಮೇಲಿಟ್ಟು, ಮೇಲಿಂದ ತನ್ನ ಅಂಗೈ ಒತ್ತಿ ಹಿಡಿದಳು.

ಚಳಿಜ್ವರ ಬಂದವರ ದವಡೆಯಂತೆ ಲಿವರ್ ನಡುಗುತ್ತಿತ್ತು.

ಅವನ ನಗು ಒಮ್ಮೆಲೇ ಹೋಗಲಿಲ್ಲ, ಮೆಲ್ಲಗೆ ಇಳಿಯಿತು. ಮರಳಿನ ನಡುವೆಯೇ ಜೀಪು ನಿಲ್ಲಿಸಿ, ಇಂಜಿನ್ ಆರಿಸಿದ. ಈಗ ಮೂವರಿಗೂ ಒಂದೇ ನಿಶ್ಶಬ್ದ.

"ಸದ್ದೂ ಬತ್ತಿತ್ತಾ?" ಅವನು ಮುಂದಿನ ಗಾಜನ್ನೇ ನೋಡುತ್ತ ಕೇಳಿದ.

"ಬತ್ತಿತ್ತು. ಜೋರಾಗೇ," ಎಂದಳು ಮಹದೇವಿ, ಅವನ ಎಡಗಿವಿಗೆ ಬಾಗಿ.

"ಯಾವಾಗ್ಲಿಂದ ಗೊತ್ತು ನಿಂಗೆ?" ಅವನು ಕೇಳಿದ್ದು ಜೀಪಿನ ಬಗ್ಗೆ ಅಲ್ಲ.

"ಕುಕ್ಕರ್ ಕೂಗಿ ಕೂಗಿ ಅನ್ನ ಸೀದೋಯ್ತಲ್ಲ, ನೀವು ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರಲ್ಲ, ಅವತ್ತಿಂದ."

"ಒಂದ್ ಮಾತ್ ಅನ್ನಲಿಲ್ಲ ನೀನು."

"ನೀವೂ ಅನ್ನಲಿಲ್ಲ."

ಹಿಂದಿನಿಂದ ಮಾದೇಶ ಮೊದಲ ಸಲ ದನಿ ತಗ್ಗಿಸಿ, "ಅಕ್ಕಾ, ಒಂದ್ ಬೇರಿಂಗು ಅಷ್ಟೇಯ, ನಾನೇ ಆಕುಸ್ಕೊಡ್ತೀನಿ..." ಎಂದ.

"ಇಷ್ಟೊತ್ತು ಸುಮ್ಕಿದ್ದಲ್ಲ, ಅಂಗೇ ಇರಪ್ಪ," ಎಂದಳು ಮಹದೇವಿ.

ಶಾಂತಮೂರ್ತಿ ಹೆಂಡತಿಯ ಕಡೆ ತಿರುಗಿದ. ತುಟಿ ಅಲುಗಿತು, ನಿಂತಿತು. ಆಮೇಲೆ ಕೇಳಿದ: "ಏನಂದ ಅವ್ನು?"

ಕಿವಿ ಮಂದವಾದಾಗಿನಿಂದ ಅವನು ಯಾರನ್ನೂ ಹಾಗೆ ಕೇಳಿದ್ದಿಲ್ಲ. ಕೇಳದಿದ್ದರೂ ತಲೆಯಾಡಿಸಿ ಸುಮ್ಮನಾಗುತ್ತಿದ್ದ. ಮಹದೇವಿ ಮಾದೇಶನ ಮಾತನ್ನೂ ತನ್ನ ಮಾತನ್ನೂ ದೊಡ್ಡದಾಗಿ ಒಪ್ಪಿಸಿದಳು. ಅವನು ಸ್ಟೇರಿಂಗಿಗೆ ಹಣೆಯೂರಿ, ಹೆಗಲು ಅಲುಗುವಂತೆ ನಕ್ಕ.

ಆ ಜೀಪು ಬೇಡವೆಂದು ಬಿಟ್ಟು, ಇಬ್ಬರೂ ಹನೂರಿನಿಂದ ಕೊಳ್ಳೇಗಾಲದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅವನು ಕಿಟಕಿಯಾಚೆ ನೋಡುತ್ತಲೇ ಇದ್ದ. ಹೊಲಿದಿಟ್ಟ ಹಾಸಿಗೆಯನ್ನು ಇನ್ನು ಯಾರಿಗೆ ಕೊಡುವುದೆಂದು ಮಹದೇವಿ ಯೋಚಿಸತೊಡಗಿದಳು. ಕೊಳ್ಳೇಗಾಲದಲ್ಲಿ ಇಳಿದವನು ಮನೆಯ ಕಡೆ ತಿರುಗದೆ, ಹೊರಡಲು ನಿಂತಿದ್ದ ಯಳಂದೂರಿನ ಬಸ್ಸು ಹತ್ತಿ, ಪಕ್ಕದ ಸೀಟಿಗೆ ಟವೆಲ್ ಹಾಕಿ ಅವಳನ್ನು ಕೈಬೀಸಿ ಕರೆದ.

ಯಳಂದೂರಿನ ಗುರುಪಾದಸ್ವಾಮಿಯವರು ಮಾರಲಿಟ್ಟಿದ್ದ ಹಳೇ ಜೀಪು ಬೇವಿನ ಮರದಡಿ ನಿಂತಿತ್ತು. ಅವರು ಸ್ಟಾರ್ಟ್ ಮಾಡಿ ಇಳಿದರು. ಶಾಂತಮೂರ್ತಿ ಬಾನೆಟ್ ಎತ್ತಿ, ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಇಂಜಿನ್ನಿಗೆ ಊರಿದ. ಹಿಡಿಯನ್ನು ಹೆಂಡತಿಯ ಕಡೆಗೆ ಬಾಗಿಸಿದ.

"ಇಕಾ, ಇಡ್ಕೊ."

ಅವಳು ಸೆರಗು ಸಿಕ್ಕಿಸಿಕೊಂಡು, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದಳು. ಘಾಟಿಯ ತಿರುವುಗಳನ್ನು ನೋಡುತ್ತಿದ್ದ ಅದೇ ಎಚ್ಚರದಲ್ಲಿ ಅವನು ಅವಳ ಮುಖವನ್ನು ನೋಡುತ್ತ ನಿಂತ.

"ಏನಂತದೆ?"

ಮಹದೇವಿ ಕಣ್ಣು ತೆರೆಯದೆ, ಇನ್ನೊಂದು ಕೈಯೆತ್ತಿ ಅವನನ್ನು ತಡೆದಳು.

"ತಡೀರಿ, ಇನ್ನೂ ಮಾತಾಡ್ತಾ ಅದೆ."