ಇತರೆ ಕಾರಣ

ರೊಹೇಲಿಯೊ ಹಳದಿ ಸ್ಕೂಲ್ ಬಸ್ಸನ್ನು ಕಾಲೇಜಿನ ಗೇಟಿಗೆ ಅಡ್ಡಡ್ಡ ನಿಲ್ಲಿಸಿ ಕಚೇರಿಯೊಳಗೆ ಓಡಿಬಂದಾಗ ಗಡಿಯಾರದಲ್ಲಿ ನಾಲ್ಕು ಮುಕ್ಕಾಲು. ಐದಕ್ಕೆ ಕೌಂಟರು ಮುಚ್ಚುತ್ತದೆ. ಮಗಳು ಯಾದಿರಾ ಕೈಯಲ್ಲೊಂದು ಫಾರಂ ಹಿಡಿದು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದಳು.

"ಅಪ್ಪ, ಇಲ್ಲಿ ಸೈನ್ ಹಾಕು. ಬೇಗ."

"ಏನಿದು? ಫೋನಲ್ಲಿ ಅಷ್ಟು ಗಾಬರಿ ಮಾಡಿದ್ಯಲ್ಲ!"

"ಕೆಮಿಸ್ಟ್ರಿ ಬಿಡ್ತಿದೀನಿ. ಬಿಡೋಕೆ ಇವತ್ತೇ ಕೊನೇ ದಿನ. ಬಿಡದೆ ಫೇಲಾದ್ರೆ ಅದು ಜನ್ಮ ಪೂರ್ತಿ ಅಂಟ್ಕೊಂಡಿರುತ್ತೆ."

ರೊಹೇಲಿಯೊನ ಮುಖ ಇಳಿದುಹೋಯಿತು. ಟೆಕ್ಸಸ್ಸಿನ ನಮ್ಮ ಗಡಿ ಊರುಗಳಲ್ಲಿ ಈಗ ಹೈಸ್ಕೂಲಿನ ಮಕ್ಕಳೇ ಕಾಲೇಜಿನ ಪಾಠವನ್ನೂ ಓದಿ ಮುಗಿಸುತ್ತಾರೆ. ಮೇ ತಿಂಗಳಲ್ಲಿ ಮೊದಲು ಕಾಲೇಜಿನ ಎರಡು ವರ್ಷದ ಪದವಿ ಕೈಗೆ ಬರುತ್ತದೆ, ಹೈಸ್ಕೂಲಿನದ್ದು ಎರಡು ವಾರ ಬಿಟ್ಟು. ಅಂಗಿಯ ಮೇಲೆ ಬನಿಯನ್ ತೊಟ್ಟ ಹಾಗೆ. ಆದರೂ ಅಪ್ಪಂದಿರಿಗೆ ಇದಕ್ಕಿಂತ ದೊಡ್ಡ ಹೆಮ್ಮೆ ಇನ್ನೊಂದಿಲ್ಲ. ರೊಹೇಲಿಯೊ ಅಂತೂ ಮಗಳ ಕಾಲೇಜಿನ ಗುರುತಿನ ಚೀಟಿಯ ಪ್ರತಿಯನ್ನು ಬಸ್ಸಿನ ಕನ್ನಡಿಯ ಪಕ್ಕ ಅಂಟಿಸಿಕೊಂಡು, "ನನ್ನ ಮಗಳಿಗೆ ಎರಡು ವರ್ಷ ಮಿಗುತ್ತೆ" ಎಂದು ಹತ್ತಿಳಿಯುವ ಒಂದನೇ ಕ್ಲಾಸಿನ ಮಕ್ಕಳಿಗೂ ಹೇಳಿಯಾಗಿತ್ತು. ಕೆಮಿಸ್ಟ್ರಿ ಬಿಟ್ಟರೆ ಆ ಪದವಿ ಹೈಸ್ಕೂಲು ಮುಗಿಯುವುದರೊಳಗೆ ಬರುವುದಿಲ್ಲ.

"ಎಷ್ಟು ಮಾರ್ಕ್ಸು?"

"ಕಮ್ಮಿ."

"ಕಮ್ಮಿ ಅಂದ್ರೆ?"

"ಕಮ್ಮಿ ಅಂದ್ರೆ ಕಮ್ಮಿ ಅಪ್ಪ!" ಅವಳ ಎಡಗೈಯ ಬೆರಳುಗಳು ಕೌಂಟರಿನ ಅಂಚನ್ನು ಒಂದೊಂದಾಗಿ ಒತ್ತುತ್ತಿದ್ದವು, ಬಿಡುತ್ತಿದ್ದವು.

ಅವನು ಕೌಂಟರಿನ ಆಚೆ ಕೂತಿದ್ದ ಗುಮಾಸ್ತೆ ಮಿಸೆಸ್ ಕಾಂತು ಕಡೆ ಬಗ್ಗಿದ. "ಇವಳ ಮಾರ್ಕ್ಸು ಸ್ವಲ್ಪ ನೋಡಿ ಹೇಳಿ."

"ಹೇಳೋ ಹಾಗಿಲ್ಲ."

"ನಾನು ಇವಳಪ್ಪ!"

"ಅಯ್ಯೋ, ಗೊತ್ತು ರೊಹೇಲಿಯೊ. ನನ್ನ ಮಕ್ಕಳನ್ನೂ ನೀವೇ ಬಸ್ಸಲ್ಲಿ ಕರ್ಕೊಂಡು ಹೋಗ್ತಿದ್ದಿದ್ದು. ಆದ್ರೆ ಈ ಬಾಗಿಲು ದಾಟಿದ ಮೇಲೆ ವಯಸ್ಸು ಎಷ್ಟೇ ಇರ್ಲಿ, ಇವಳು ದೊಡ್ಡೋಳು. ಇವಳು ಒಪ್ಪಿ ಬರ್ಕೊಟ್ರೆ ಮಾತ್ರ ನಿಮಗೆ ಮಾರ್ಕ್ಸು."

"ಹೋದ ತಿಂಗಳು ಮೃಗಾಲಯ ನೋಡೋಕೆ ಹೋಗ್ಬೇಕು ಅಂದ್ರೆ ಹೈಸ್ಕೂಲಿನೋರಿಗೆ ನನ್ನ ಸೈನ್ ಬೇಕಿತ್ತು. ಇದನ್ನ ಬಿಡೋಕೆ ನಿಮಗೂ ನನ್ನ ಸೈನ್ ಬೇಕು. ಮಾರ್ಕ್ಸು ಕೇಳಿದ್ರೆ ಮಾತ್ರ ನಾನು ಯಾರೋ ದಾರೀಲಿ ಹೋಗೋನಾ?"

"ರೂಲ್ಸು ನಾನು ಮಾಡಿದ್ದಲ್ಲ" ಎನ್ನುತ್ತ ಮಿಸೆಸ್ ಕಾಂತು ಇನ್ನೊಂದು ಫಾರಂ ತಳ್ಳಿದರು. ಹೊರಗೆ ಯಾರೋ ಬಸ್ಸಿನ ಹಿಂದೆ ಹಾರ್ನ್ ಹೊಡೆಯತೊಡಗಿದರು.

ಈಗ ಫಾರಂ ಎರಡು, ಪೆನ್ನು ಒಂದು.

"ಮೊದಲು ನೀನು ಹಾಕು" ಎಂದ ಅಪ್ಪ.

"ಇಲ್ಲ, ಮೊದಲು ನೀನು."

"ಮಾರ್ಕ್ಸು ನೋಡದೆ ನಾನು ಪೆನ್ನು ಮುಟ್ಟಲ್ಲ. ಕೂತ್ಕೊಂಡೇ ಇರ್ತೀನಿ, ಐದಾಗ್ಲಿ."

ಹಾರ್ನ್ ಮತ್ತೆ ಕೂಗಿತು. ಯಾದಿರಾ ಗಡಿಯಾರ ನೋಡಿದಳು, ಅಪ್ಪನನ್ನು ನೋಡಿದಳು. ಅವನ ಹಟ ಅವಳಿಗೆ ಗೊತ್ತು, ಅದರಲ್ಲಿ ಅರ್ಧ ಅವಳಿಗೂ ಬಂದಿದೆ. ಪೆನ್ನು ಕಿತ್ತುಕೊಂಡು ಸಹಿ ಗೀಚಿದಳು. ಮಿಸೆಸ್ ಕಾಂತು ಕಂಪ್ಯೂಟರಿನ ಪರದೆಯನ್ನು ಈಚೆ ತಿರುಗಿಸಿದರು.

ತೊಂಬತ್ತಮೂರು.

"ಇದು ಇವಳದ್ದೇನಾ?"

"ಇವಳದ್ದೇ."

ರೊಹೇಲಿಯೊ ನಿಧಾನವಾಗಿ ಮಗಳ ಕಡೆ ತಿರುಗಿದ. "ಸುಳ್ಳು ಹೇಳಿದ್ಯಲ್ಲ ನಂಗೆ."

"ಫೇಲು ಅಂದ್ರೆ ಹೆದರಿಕೊಂಡು ಸೈನ್ ಹಾಕ್ತೀಯ ಅಂದ್ಕೊಂಡೆ. ನಿಜ ಹೇಳಿದ್ರೆ ಹಾಕ್ತಿರ್ಲಿಲ್ಲ."

"ಏನು ನಿಜ?"

"ನಾಲ್ಕನೇ ಪೀರಿಯಡ್ಡಿಗೆ ಕೆಮಿಸ್ಟ್ರೀನೂ ಇದೆ, ಸ್ಕೂಲಿನ ಮರಿಯಾಚಿ ವಾದ್ಯಮೇಳದ ತಾಲೀಮೂ ಇದೆ. ಕಾಲೇಜು ಮೊದಲು ಅಂತ ಆಗಸ್ಟಲ್ಲಿ ನನ್ನ ಪಿಟೀಲು ತಗೊಂಡ್ಹೋಗಿ ಬೀರು ಮೇಲಿಟ್ಟೆ ನೀನು. ಮೇಷ್ಟ್ರು ಸೋಮವಾರದ ತನಕ ನನ್ನ ಜಾಗ ಖಾಲಿ ಇಟ್ಟಿರ್ತಾರಂತೆ, ಆಮೇಲೆ ಬೇರೆಯೋರಿಗೆ."

"ಎರಡು ವರ್ಷ ಮಿಗುತ್ತೆ ಕಣೇ!"

"ಮಿಗಿಸಿ ಏನ್ಮಾಡ್ಲಿ ಅಪ್ಪ? ಅದಕ್ಕೋಸ್ಕರ ಹೋಗ್ತಿರೋದು ಈಗಿನ ಎರಡು ವರ್ಷ ತಾನೆ?"

ಅವನಿಗೆ ಸಿಟ್ಟು ನೆತ್ತಿಗೇರಿತು. ಬಸ್ಸಿನ ಕನ್ನಡಿಯ ಪಕ್ಕದ ಆ ಗುರುತಿನ ಚೀಟಿ ನೆನಪಾಗಿ ಅವಮಾನವೂ ಆಯಿತು. ಬೈಯಬೇಕೆಂದು ಬಾಯಿ ತೆರೆದವನ ಕಣ್ಣು ಅವಳ ಎಡಗೈಗೆ ಹೋಯಿತು. ಬೆರಳುಗಳು ಇನ್ನೂ ಕೌಂಟರಿನ ಅಂಚನ್ನು ಒತ್ತುತ್ತಲೇ ಇದ್ದವು. ಆಗಸ್ಟಿನಿಂದ ಊಟದ ಮೇಜಿನ ಮೇಲೂ ಅವು ಹೀಗೇ ಆಡುತ್ತಿದ್ದವು. ಪರೀಕ್ಷೆಯ ಭಯ ಎಂದುಕೊಂಡಿದ್ದ ಅವನು. ಅವು ತಂತಿ ಹುಡುಕುತ್ತಿವೆ ಎಂದು ಈಗ ತಿಳಿಯಿತು.

"ಎರಡೇ ನಿಮಿಷ ಇರೋದು" ಎಂದರು ಮಿಸೆಸ್ ಕಾಂತು.

ರೊಹೇಲಿಯೊ ಮಗಳ ಫಾರಂ ಎಳೆದುಕೊಂಡ. ಬಿಡುವುದಕ್ಕೆ ಕಾರಣ ಏನೆಂದು ಅದರಲ್ಲಿ ಕೇಳಿತ್ತು: ಅನಾರೋಗ್ಯ, ಉದ್ಯೋಗ, ಕಡಿಮೆ ಅಂಕ, ಇತರೆ. 'ಕಡಿಮೆ ಅಂಕ'ಕ್ಕೆ ಯಾದಿರಾ ಮೊದಲೇ ಹಾಕಿದ್ದ ಗುರುತನ್ನು ಪೆನ್ನು ಒತ್ತಿ ಹೊಡೆದುಹಾಕಿದ. ಕೆಳಗೆ ಸಹಿ ಮಾಡಿದ. ಆಮೇಲೆ 'ಇತರೆ'ಯ ಮುಂದೆ ಬಿಟ್ಟಿದ್ದ ಒಂದೇ ಒಂದು ಗೆರೆಯ ಮೇಲೆ, ಚಿಕ್ಕ ಮಕ್ಕಳಂತೆ ಅಕ್ಷರ ದುಂಡಗೆ ಮಾಡಿ ಬರೆದ:

"ಅವಳಿಗಿನ್ನೂ ಹದಿನಾರು ವರ್ಷ."